ನಮ್ಮೂರ ಕೆರೆಯಲ್ಲೂ ಒಂದು ‘ಶಾರ್ಕ್’ ಇದೆ!

ನಮ್ಮ ಟೀಮಿನ ಮಂಗಳೂರು ಹುಡುಗರು ಸೋಮವಾರ ಬಂದರೆ ಸಾಕು, ಕಡಲು, ಕೈರಂಪಣಿ, ಬಲೆಗೆ ಬಿದ್ದ ಮರಿ ತಾಟೆ ಅಂತ ಶುರು ಮಾಡ್ತಾರೆ. ತಾಟೆ ಅಂದ್ರೆ ಶಾರ್ಕ್. ‘ನಿಮ್ಮ ದಾವಣಗೆರೆ ಕಡೆ ಬೆಣ್ಣೆದೋಸೆ ಬಿಟ್ಟು ಏನಿದೆ ಮಾರಾಯ?’ ಅಂತ ನನ್ನನ್ನ ಕೇಳ್ತಾರೆ. ನಮ್ಮಲ್ಲೂ ಶಾರ್ಕ್ ಇದೆ ಅಂದ್ರೆ ನಗ್ತಾರೆ.

ನಿಜವಾಗಿ ಇದೆ. ಹೆಸರು ಬಾಳೆ ಮೀನು. ಇಂಗ್ಲಿಷಿನವರು ಇದನ್ನು ಸಿಹಿನೀರಿನ ಶಾರ್ಕ್ ಅಂತಲೇ ಕರೀತಾರೆ. ಅಸಲಿ ಶಾರ್ಕಿಗೆ ಮೂಳೆಯೇ ಇಲ್ಲ, ಮೃದ್ವಸ್ಥಿ ಮಾತ್ರ. ಬಾಳೆಗೆ ಮೂಳೆ ಇದೆ, ಮೀಸೆ ಇದೆ, ಹುರುಪೆ ಇಲ್ಲ. ಬಾಯಿ ಮಾತ್ರ ಕಣ್ಣಿನ ಆಚೆವರೆಗೂ ಸೀಳಿರುತ್ತೆ. ಒಂದು ಮೀಟರಿಗೂ ಉದ್ದ ಬೆಳೆಯುತ್ತೆ. ರಾತ್ರಿ ಹೊತ್ತು ದಡದ ಹತ್ತಿರದ ಆಳವಿಲ್ಲದ ನೀರಿಗೆ ಬಂದು ಸಣ್ಣ ಮೀನು ನುಂಗುತ್ತೆ.

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ನೋಡಿದ್ದೀರಾ? ಸರ್ಕಾರಿ ಹೆಸರು ಶಾಂತಿಸಾಗರ. ಸುಮಾರು 6,550 ಎಕರೆ ನೀರು. ಎರಡು ಗುಡ್ಡಗಳ ನಡುವಿನ ಒಂದು ಏರಿ ಅಷ್ಟನ್ನೂ ತಡೆದು ನಿಲ್ಲಿಸಿದೆ. ಶಾಂತವ್ವ ಕಟ್ಟಿಸಿದ ಕೆರೆ ಅಂತ ಊರಿನ ನಂಬಿಕೆ. ಸಂಜೆ ಏರಿ ಮೇಲೆ ನಿಂತರೆ ಆಚೆ ದಡ ಮಸುಕು ಮಸುಕು.

ಈ ಕಡೆ ನನ್ನ ಸೋದರಮಾವನ ಮನೆ. ಮಾವನಿಗೆ ಗಾಳದ ಹುಚ್ಚು. ಸಣ್ಣ ಮೀನನ್ನು ಕೊಕ್ಕೆಗೆ ಚುಚ್ಚಿ, ದಾರವನ್ನು ದಡದ ಗೂಟಕ್ಕೆ ಕಟ್ಟಿ, ಬೀಡಿ ಹಚ್ಚಿ ಕೂತರೆ ಬೆಳಗಿನ ತನಕ. ಕಳೆದ ಜೂನಿನಲ್ಲಿ ಹೋದಾಗ ಗಾಳ ಮಾತ್ರ ಅಟ್ಟದ ಮೇಲಿತ್ತು.

‘ಯಾಕ್ ಮಾವ?’

‘ಹೊಸ ನೀರು ಬಂದೈತಲ್ಲೋ. ಬಸುರಿ ಮೀನು ದಡಕ್ಕೆ ಬರ್ತಾವ. ಈಗ ಹಿಡಿದ್ರ ಮುಂದಿನ ವರ್ಷ ಏನ್ ಹಿಡೀಲಿ?’

ಇದರಲ್ಲೊಂದು ದೊಡ್ಡ ಲೆಕ್ಕ ಇದೆ. ಕಾಟ್ಲಾ, ರೋಹು ಖಾಲಿಯಾದರೆ ಮರಿ ತಂದು ಬಿಡ್ತಾರೆ. ಬಾಳೆ ಮರಿಯನ್ನು ಯಾರು ಬಿಡ್ತಾರೆ? ಬಿಟ್ಟ ಮರಿಗಳನ್ನೇ ತಿನ್ನುವ ಮೀನು ಅದು. ತಾನಾಗಿ ಮೊಟ್ಟೆ ಇಟ್ಟರಷ್ಟೇ ಉಂಟು, ಅದೂ ಮುಂಗಾರಿನಲ್ಲಿ. ಅದೇ ಹೊತ್ತಿಗೆ ಹಳ್ಳದ ಬಾಯಿಗೆ ಬಲೆ ಕಟ್ಟಿದರೆ ಒಂದೇ ರಾತ್ರಿ ಒಂದು ತಲೆಮಾರು ಹೋಯ್ತು. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಬಾಳೆ ಈಗ ಅಪಾಯದ ಅಂಚಿನ ಮೀನು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿ ಕಡಲಿಗಿಳಿಯುವಂತಿಲ್ಲ. ಮಾವ ಆ ರಜೆಯನ್ನು ತಾನೇ ಹಾಕಿಕೊಂಡಿದ್ದಾನೆ. ‘ನಾನ್ ಬಿಟ್ರ ಇನ್ನೊಬ್ಬ ಹಿಡೀತಾನ’ ಅಂತ ಅತ್ತೆ ಎದುರು ಗೊಣಗೋದೂ ಉಂಟು. ಬಾಳೆಗೆ ಒಳ್ಳೆ ರೇಟು, ಮುಳ್ಳು ಕಮ್ಮಿ.

ಅಲ್ಲಿಂದ ಹೊನ್ನಾಳಿಗೆ ಹೋಗಿ. ಕೂಡ್ಲಿಯಲ್ಲಿ ಒಂದಾದ ತುಂಗೆ, ಭದ್ರೆ ಊರ ಪಕ್ಕದಲ್ಲೇ ಹರೀತಾರೆ. ಮೊದಲು ಹೊನ್ನಾಳಿಗೆ ಸೇರಿದ್ದ ನ್ಯಾಮತಿ ಈಗ ಬೇರೆ ತಾಲ್ಲೂಕು. ಬರಕ್ಕೇ ಹೆಸರಾದ ಜಗಳೂರಿಗೂ ಇದೇ ಹೊಳೆಯ ನೀರನ್ನು ಪೈಪಿನಲ್ಲಿ ಒಯ್ದು 57 ಕೆರೆ ತುಂಬಿಸುವ ಯೋಜನೆ ಇದೆ. ನೀರನ್ನು ಪಂಪು ಮೇಲೆತ್ತುತ್ತೆ. ಬಾಳೆಯನ್ನು ಎತ್ತುವ ಪಂಪು ಇಲ್ಲ. ಅದಕ್ಕೆ ಬೇಕಾಗಿರೋದು ಹಳ್ಳಕ್ಕೆ ಹತ್ತೋ ದಾರಿ, ಮತ್ತೆ ಎರಡು ತಿಂಗಳ ಬಿಡುವು.

ಹೋಗೋದಾದರೆ ಮಳೆ ನಿಂತ ಮೇಲೆ, ನವೆಂಬರಿನಲ್ಲಿ ಹೋಗಿ. ಕೆರೆ ತುಂಬಿರುತ್ತೆ, ಗಾಳವೂ ಅಟ್ಟದಿಂದ ಇಳಿದಿರುತ್ತೆ.