ಓದಿದ ಮೇಲೆ ಮತ್ತೆ ಓದುವುದು

ಮುಂಗಾರು ಕಾಲಿಡುತ್ತಿದ್ದಂತೆ ಪುತ್ತೂರು, ಸುಳ್ಯ, ಕಡಬ ಸೀಮೆಯ ಮನೆಗಳಿಗೆ ಎರಡು ಚಿಂತೆಗಳು ಒಟ್ಟಿಗೆ ಬರುತ್ತವೆ. ಅಡಿಕೆಗೆ ಕೊಳೆರೋಗ ತಗಲುವ ಮೊದಲು ಬೋರ್ಡೋ ಮದ್ದು ಬಿಡಬೇಕೆಂಬುದು ಒಂದು. ಮಕ್ಕಳ ಕಾಲೇಜಿನ ಅರ್ಜಿಯನ್ನು ಹೊತ್ತಿಗೆ ಸರಿಯಾಗಿ ಸಲ್ಲಿಸಬೇಕೆಂಬುದು ಇನ್ನೊಂದು. ಈ ಸೀಮೆ ವಿದ್ಯೆಗೆ ಬಡವಾದುದಲ್ಲ. ಪುತ್ತೂರಿನಲ್ಲಿ 1958ರಲ್ಲಿ ಸಂತ ಫಿಲೋಮಿನಾ ಕಾಲೇಜು, 1965ರಲ್ಲಿ ವಿವೇಕಾನಂದ ಕಾಲೇಜು ಆರಂಭವಾದುವು. ಸುಳ್ಯದಲ್ಲಿ ಕುರುಂಜಿ ವೆಂಕಟರಮಣ ಗೌಡರ ಪ್ರಯತ್ನದಿಂದ 1976ರಲ್ಲಿ ನೆಹರು ಮೆಮೋರಿಯಲ್ ಕಾಲೇಜು ಹುಟ್ಟಿತು. ಮುಂದೆ ಅದೇ ಊರಿಗೆ ಎಂಜಿನಿಯರಿಂಗ್, ವೈದ್ಯಕೀಯ, ಕಾನೂನು ಶಿಕ್ಷಣವೂ ಬಂದವು. ಘಟ್ಟದ ಮೇಲಿನಿಂದ ನೌಕರಿಯ ನಿಮಿತ್ತ ಇಳಿದು ಬಂದು ಇಲ್ಲಿ ನೆಲೆಸಿದ ನಮ್ಮ ಸಮಾಜದ ಕುಟುಂಬಗಳ ಮಕ್ಕಳೂ ಈ ನೆರಳಿನಲ್ಲಿಯೇ ಬೆಳೆದು ಪದವೀಧರರಾಗಿದ್ದಾರೆ.

ಮೊದಲ ಪದವಿಯ ಅರ್ಜಿಗೆ ಮನೆಮಂದಿಯೆಲ್ಲ ಹರಸುತ್ತಾರೆ. ಪದವಿ ಮುಗಿಸಿದವರು ಮತ್ತೊಂದು ಓದಿಗೆ ಅರ್ಜಿ ಹಾಕುತ್ತೇವೆಂದರೆ ಮಾತ್ರ ಮನೆಯ ಧಾಟಿಯೇ ಬದಲಾಗುತ್ತದೆ. ವಯಸ್ಸು ಕಳೆಯಿತು, ಹಣ ಹೋಯಿತು, ಹಿಂದಿನ ಓದು ನೀರುಪಾಲಾಯಿತು ಎಂಬ ಮಾತುಗಳು ಕೇಳಿಬರುತ್ತವೆ. ನಮಗೆ ಪರಿಚಿತವಾದ ಒಂದು ಕುಟುಂಬದ ಸಂಗತಿಯನ್ನು ಇಲ್ಲಿ ನಿವೇದಿಸುವುದು ಉಚಿತವೆನಿಸುತ್ತದೆ.

ತಂದೆ ಉತ್ತರ ಕರ್ನಾಟಕದವರು. ಕಡಬ ತಾಲೂಕಿನ ಸರಕಾರಿ ಶಾಲೆಯಲ್ಲಿ ಮಾಸ್ತರರು. ಮಗಳು ಬಿ.ಕಾಂ. ಮುಗಿಸಿ ಎಂ.ಕಾಂ.ಗೆ ಸೇರಿ, ಮನಸ್ಸು ನಿಲ್ಲದೆ ತಿಂಗಳೊಳಗೆ ಬಿಟ್ಟಳು. ಅನಂತರ ಎರಡು ವರ್ಷ ಅಡಿಕೆ ವ್ಯಾಪಾರಿಯೊಬ್ಬರಲ್ಲಿ ಲೆಕ್ಕ ಬರೆದಳು. ಪಾಲುಪಟ್ಟಿಯ ಕಾಗದ ಓದಲಾರದೆ ಅಲೆಯುವ ರೈತರನ್ನು ಆ ಅಂಗಡಿಯಲ್ಲಿ ಕಂಡು, ತಾನು ಕಾನೂನು ಓದಬೇಕೆಂದು ನಿಶ್ಚಯಿಸಿದಳು. “ಶಾಸ್ತ್ರಿಗಳ, ಇಷ್ಟ್ ಓದಿ ಮತ್ತ ಮೊದಲಿನಿಂದ ಶುರು ಅಂದ್ರ ಹೆಂಗ್ರಿ?” ಎಂದು ಮಾಸ್ತರರು ನಮ್ಮಲ್ಲಿ ಕೇಳಿದರು.

ಅವರ ಅಳಲು ಸಹಜವಾದುದೇ. ಆದರೆ ಅದಕ್ಕಿಂತ ದೊಡ್ಡ ತೊಡಕು ಬೇರೊಂದಿತ್ತು. ಆಕೆ ಬಿಟ್ಟುಬಂದ ಕಾಲೇಜಿನವರು ಪೂರ್ಣ ಶುಲ್ಕ ಕಟ್ಟದೆ ಮೂಲ ಅಂಕಪಟ್ಟಿಗಳನ್ನು ಹಿಂದಿರುಗಿಸೆವು ಎಂದಿದ್ದರು. ಬಂಧುವೊಬ್ಬರು ಸುಲಭೋಪಾಯ ಸೂಚಿಸಿದರು: ಅಂಕಪಟ್ಟಿಗಳು ಬಸ್ಸಿನಲ್ಲಿ ಕಳೆದುಹೋದುವೆಂದು ಠಾಣೆಯಲ್ಲಿ ದೂರು ಕೊಟ್ಟು, ಪ್ರಮಾಣಪತ್ರ ಮಾಡಿಸಿ, ನಕಲು ಅಂಕಪಟ್ಟಿ ತರಿಸಿಕೊಳ್ಳುವುದು, ಎಂ.ಕಾಂ. ಸೇರಿದ್ದ ಸಂಗತಿಯನ್ನು ಹೊಸ ಅರ್ಜಿಯಲ್ಲಿ ಬರೆಯದಿರುವುದು. ಮಾಸ್ತರರು ಅರ್ಧ ಒಪ್ಪಿದ್ದರು. ನ್ಯಾಯಾಲಯದಲ್ಲಿ ನಿಲ್ಲಬಯಸುವ ಮಗಳ ಮೊದಲ ಹೆಜ್ಜೆಯೇ ಸುಳ್ಳು ಪ್ರಮಾಣವಾಗಬೇಕೆ ಎಂದು ನಾವು ಕೇಳಿದೆವು. ಅವರು ಬಹಳ ಹೊತ್ತು ಮಾತನಾಡಲಿಲ್ಲ.

ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2018ರ ಅಕ್ಟೋಬರಿನಲ್ಲಿಯೇ ಈ ವಿಷಯದಲ್ಲಿ ಅಧಿಸೂಚನೆ ಹೊರಡಿಸಿದೆ. ಕಾಲೇಜುಗಳು ಮೂಲ ಪ್ರಮಾಣಪತ್ರಗಳನ್ನು ಪರಿಶೀಲಿಸಿ ಹಿಂದಿರುಗಿಸಬೇಕೇ ಹೊರತು ಇಟ್ಟುಕೊಳ್ಳುವಂತಿಲ್ಲ. ಪ್ರವೇಶದ ಕೊನೆಯ ದಿನಾಂಕ ಕಳೆದ ಮೇಲೂ 15 ದಿನಗಳೊಳಗೆ ಬಿಟ್ಟವರಿಗೆ ಶುಲ್ಕದ ಶೇ. 80, 30 ದಿನಗಳೊಳಗೆ ಬಿಟ್ಟವರಿಗೆ ಶೇ. 50 ಮರಳಿಸಬೇಕೆಂದು ಅದರಲ್ಲಿದೆ. ಇದನ್ನು ಉಲ್ಲೇಖಿಸಿ ತಂದೆ ಮಗಳು ಸೇರಿ ವಿನಯದಿಂದಲೇ ಪತ್ರ ಬರೆದರು. ನೋಂದಾಯಿತ ಅಂಚೆಯಲ್ಲಿ ಕಳುಹಿಸಿದರು. ಮೂರನೆಯ ವಾರದಲ್ಲಿ ಅಂಕಪಟ್ಟಿಗಳು ಮನೆಗೆ ಬಂದುವು. ಸುಳ್ಳಿನ ದಾರಿಗೆ ಬೇಕಾಗುತ್ತಿದ್ದಷ್ಟೇ ದಿನಗಳು ನಿಜದ ದಾರಿಗೂ ಸಾಕಾದುವು.

ಇಂಥ ಅರ್ಜಿ ಹಾಕುವವರು ಮೊದಲೇ ತಿಳಿದಿರಬೇಕಾದ ಕೆಲವು ವಿಷಯಗಳಿವೆ. ಪದವಿಯ ನಂತರದ ಎಲ್ಎಲ್.ಬಿ. ಮೂರು ವರ್ಷದ್ದು, ಸಾಮಾನ್ಯ ವರ್ಗಕ್ಕೆ ಪದವಿಯಲ್ಲಿ ಶೇ. 45 ಅಂಕ ಬೇಕು. ಬಿ.ಎಡ್. 2015ರಿಂದ ಎರಡು ವರ್ಷದ್ದಾಗಿದೆ, ಅದಕ್ಕೆ ಶೇ. 50 ಬೇಕು. ಪುತ್ತೂರು, ಸುಳ್ಯದ ಕಾನೂನು ಕಾಲೇಜುಗಳು ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದವು. ಆದ್ದರಿಂದ ಮಂಗಳೂರು ವಿಶ್ವವಿದ್ಯಾಲಯದ ಪದವೀಧರರು ಅದೇ ಊರಿನಲ್ಲಿ ಓದು ಮುಂದುವರಿಸಿದರೂ ವಿಶ್ವವಿದ್ಯಾಲಯ ಬದಲಾಗುತ್ತದೆ. ವರ್ಗಾವಣೆ ಪತ್ರದೊಡನೆ ವಲಸೆ ಪ್ರಮಾಣಪತ್ರವನ್ನೂ ಬೇಗನೆ ತರಿಸಿಕೊಳ್ಳಬೇಕು. ಏಕಕಾಲದಲ್ಲಿ ಎರಡು ಪದವಿಗಳನ್ನು ಓದಲು 2022ರಲ್ಲಿ ಆಯೋಗವು ಅವಕಾಶ ಕೊಟ್ಟಿತಾದರೂ ಕಾನೂನು ಶಿಕ್ಷಣಕ್ಕೆ ವಕೀಲರ ಪರಿಷತ್ತಿನ ನಿಯಮಗಳೇ ಅನ್ವಯಿಸುತ್ತವೆ. ದುಡಿಯುತ್ತಲೇ ಓದಬೇಕಾದವರಿಗೆ 1996ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಿದೆ. ಎಷ್ಟೋ ವಿದ್ಯಾರ್ಥಿವೇತನಗಳು ಒಂದೇ ಹಂತದ ಎರಡನೆಯ ಓದಿಗೆ ದೊರೆಯುವುದಿಲ್ಲ; ಅದನ್ನು ವಿಚಾರಿಸಿಯೇ ಖರ್ಚಿನ ಲೆಕ್ಕ ಹಾಕಬೇಕು.

ಮೊದಲ ಓದು ವ್ಯರ್ಥವಾಯಿತೆಂಬ ಮಾತನ್ನು ನಾವು ಒಪ್ಪುವುದಿಲ್ಲ. ಮಠದ ಸಂಸ್ಕೃತ ಪಾಠಶಾಲೆಯಲ್ಲಿ ವ್ಯಾಕರಣ, ತರ್ಕಗಳನ್ನು ಅಭ್ಯಸಿಸಿದ ಬಳಿಕ ನಾವು ಬಿ.ಎ.ಗೆ ಅರ್ಜಿ ಹಾಕಿದಾಗ ಸಹಪಾಠಿಗಳು ನಮಗಿಂತ ಐದಾರು ವರ್ಷ ಕಿರಿಯರು. ಗುರುಗಳು ತಡೆಯಲಿಲ್ಲ, ಇಲ್ಲಿ ಕಲಿತದ್ದನ್ನು ಅಲ್ಲಿ ಮರೆಮಾಚಬೇಡ ಎಂದಷ್ಟೇ ಅಪ್ಪಣೆ ಮಾಡಿದರು. ಪಾಠಶಾಲೆಯ ತರ್ಕವು ಕಾಲೇಜಿನ ತರ್ಕಶಾಸ್ತ್ರಕ್ಕೂ, ಅಲ್ಲಿನ ವ್ಯಾಕರಣವು ಹಳಗನ್ನಡಕ್ಕೂ ಒದಗಿತು. ಆ ಹೆಣ್ಣುಮಗಳಿಗೂ ಲೆಕ್ಕಪತ್ರದ ಜ್ಞಾನ ತೆರಿಗೆ ಕಾನೂನಿನಲ್ಲಿ ಒದಗುತ್ತದೆ.

ಪೂಜ್ಯ ಫ.ಗು. ಹಳಕಟ್ಟಿಯವರು ಬಿ.ಎ. ಮುಗಿಸಿ, ಮತ್ತೆ ಕಾನೂನು ಓದಿ 1904ರಲ್ಲಿ ಎಲ್ಎಲ್.ಬಿ. ಪಡೆದರು. ವಿಜಯಪುರದಲ್ಲಿ ವಕೀಲಿ ನಡೆಸುತ್ತ ತಾಳೆಗರಿಗಳನ್ನು ಕೂಡಿಹಾಕಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ನಾಡಿಗಿತ್ತರು. ಹಾಗೆಂದು ಎರಡನೆಯ ಪದವಿ ಎಲ್ಲರಿಗೂ ಬೇಕೆಂದು ನಾವು ಹೇಳುತ್ತಿಲ್ಲ. ಪುತ್ತೂರಿನಲ್ಲಿಯೇ ಬಾಳಿದ ಶಿವರಾಮ ಕಾರಂತರು ಗಾಂಧೀಜಿಯವರ ಕರೆಗೆ ಓಗೊಟ್ಟು ಕಾಲೇಜನ್ನೇ ಬಿಟ್ಟವರು. 1977ರ ಜ್ಞಾನಪೀಠ ಅವರಿಗೆ ಸಂದಿತು. ಇಬ್ಬರಿಗೂ ತಾವು ಮಾಡಬೇಕಾದ ಕಾಯಕ ಯಾವುದೆಂಬುದು ಸ್ಪಷ್ಟವಿತ್ತು.

ಆದುದರಿಂದ ತಾಯಿತಂದೆಗಳು ಮಕ್ಕಳನ್ನು ಎಷ್ಟು ವರ್ಷ ಹಾಳಾಯಿತೆಂದು ಹಂಗಿಸುವ ಮುನ್ನ ಈ ಓದಿನಿಂದ ಯಾವ ಕೆಲಸ ಮಾಡಬಯಸುವೆ ಎಂದು ಕೇಳಲಿ. ಮಕ್ಕಳು ಉತ್ತರಿಸಲಾರದೆ ಹೋದರೆ ಒಂದು ವರ್ಷ ದುಡಿದು ನೋಡಲಿ. ಉತ್ತರ ದೊರೆತರೆ ಅರ್ಜಿ ತುಂಬಲು ಜೊತೆಗೆ ಕುಳಿತುಕೊಳ್ಳಿರಿ. ಮೇಲ್ಕಂಡ ವಿವರಗಳೆಲ್ಲ ಸತ್ಯವೆಂಬ ಘೋಷಣೆ ಅರ್ಜಿಯ ಕೊನೆಯಲ್ಲಿರುತ್ತದೆ. ಅದರಡಿಯಲ್ಲಿ ಮಕ್ಕಳ ಸಹಿಯ ಪಕ್ಕದಲ್ಲಿ ಪೋಷಕರ ಸಹಿಗೂ ಜಾಗ ಬಿಟ್ಟಿರುತ್ತಾರೆ.