ಗೆರೆಯಂಚಿನ ಹುಡುಗ

ಫುಟ್‌ಬಾಲ್ ಆಟದಲ್ಲಿ ಪಕ್ಷಕ್ಕೆ ಹನ್ನೊಂದು ಮಂದಿ ಎಂಬುದು ಎಲ್ಲರೂ ಬಲ್ಲ ಸಂಗತಿ. ಆ ಹನ್ನೊಂದು ಮಂದಿಯಲ್ಲಿ ನನ್ನ ಕಣ್ಣು ಯಾವಾಗಲೂ ಅರಸುವುದು ಮೈದಾನದ ಅಂಚಿನಲ್ಲಿ, ಸುಣ್ಣದ ಗೆರೆಗೆ ಅಂಟಿಕೊಂಡಂತೆ ನಿಂತಿರುವ ಒಬ್ಬನನ್ನು. ಅವನಿಗೆ ವಿಂಗರ್ ಎಂದು ಹೆಸರು. ನಡುಮೈದಾನದಲ್ಲಿ ಹತ್ತಾರು ಕಾಲುಗಳು ಚೆಂಡಿಗಾಗಿ ಸೆಣಸುತ್ತಿರುವಾಗ ಇವನು ದೂರದಲ್ಲಿ ಒಬ್ಬನೇ ಕಾಯುತ್ತಿರುತ್ತಾನೆ. ಎಷ್ಟೋ ಹೊತ್ತು ಚೆಂಡು ಇವನ ಬಳಿಗೆ ಬಾರದೆಯೂ ಇರಬಹುದು. ಬಂದಿತೆಂದರೆ ಮಾತ್ರ ನೋಡುವವರೆಲ್ಲ ಬೆನ್ನು ನೆಟ್ಟಗೆ ಮಾಡಿ ಕುಳಿತುಕೊಳ್ಳುತ್ತಾರೆ. ಒಂದು ಕಡೆ ಗೆರೆ, ಇನ್ನೊಂದು ಕಡೆ ದಾರಿಗಡ್ಡವಾಗಿ ನಿಂತ ಎದುರಾಳಿ. ಎಡಕ್ಕೆ ಹೋಗುವವನಂತೆ ಮೈ ಬಾಗಿಸಿ ಬಲಕ್ಕೆ ಹೊರಳುವುದು, ಓಟದ ನಡುವೆ ಗಕ್ಕನೆ ನಿಲ್ಲುವುದು, ನಿಂತಲ್ಲಿಂದಲೇ ಮತ್ತೆ ಬಾಣದಂತೆ ಚಿಮ್ಮುವುದು—ಇದೇ ವಿಂಗರನ ವಿದ್ಯೆ.

ಕನ್ನಡ ಅಧ್ಯಾಪಕನಿಗೆ ಈ ಗೀಳು ಹೇಗೆ ಹಿಡಿಯಿತೆಂದು ಕೇಳುವವರುಂಟು. ಬೆಳಗಿನ ಮೊದಲನೆಯ ಪಿರಿಯಡ್ಡಿನಲ್ಲಿ ನಾನು ಪಂಪನ ಪಾಠ ಮಾಡುತ್ತಿದ್ದರೆ ಹಾಸ್ಟೆಲಿನ ಹುಡುಗರು ಕೆಲವರು ತೂಕಡಿಸುತ್ತಿದ್ದರು. ವಿಚಾರಿಸಲಾಗಿ, ನಡುರಾತ್ರಿ ಮೀರುವವರೆಗೆ ಸ್ಪೇನ್ ದೇಶದ ಪಂದ್ಯಗಳನ್ನು ನೋಡುತ್ತಾರೆಂದು ತಿಳಿಯಿತು. ಆದಿಕವಿಯನ್ನೇ ಸೋಲಿಸುವ ಈ ಎದುರಾಳಿ ಯಾರಿರಬಹುದೆಂದು ಒಂದು ರಾತ್ರಿ ನಾನೂ ನೋಡಿದೆನು. ಮುಂದಿನ ವಾರದಿಂದ ಮೊದಲನೆಯ ಪಿರಿಯಡ್ಡಿನಲ್ಲಿ ಕಣ್ಣು ಕೆಂಪಾಗಿರುವವರ ಸಂಖ್ಯೆ ಒಂದು ಹೆಚ್ಚಿತು.

ನಾನು ನೋಡತೊಡಗಿದ ಆ ೨೦೧೯ರಲ್ಲಿಯೇ ಬಾರ್ಸಿಲೋನಾ ಸಂಘದ ಪರವಾಗಿ ಒಬ್ಬ ಹುಡುಗನು ಕಾಣಿಸಿಕೊಂಡನು. ಹೆಸರು ಅನ್ಸು ಫಾತಿ. ಹುಟ್ಟಿದ್ದು ೨೦೦೨ರ ಅಕ್ಟೋಬರ್ ೩೧ರಂದು, ಆಫ್ರಿಕದ ಪಶ್ಚಿಮ ಕರಾವಳಿಯ ಗಿನಿ-ಬಿಸ್ಸಾವು ಎಂಬ ಪುಟ್ಟ ದೇಶದಲ್ಲಿ. ತಂದೆ ಹೊಟ್ಟೆಪಾಡಿಗಾಗಿ ಮೊದಲೇ ಯೂರೋಪಿಗೆ ಹೋಗಿದ್ದನು; ಹುಡುಗನು ಆರು ವರ್ಷದವನಾಗಿದ್ದಾಗ ಸಂಸಾರವು ಸ್ಪೇನಿನ ದಕ್ಷಿಣದಲ್ಲಿ, ಸೆವಿಲ್ ಪ್ರಾಂತದ ಎರೇರಾ ಎಂಬ ಊರಿನಲ್ಲಿ ನೆಲೆಸಿತು. ಹತ್ತನೆಯ ವಯಸ್ಸಿಗೆ ಬಾರ್ಸಿಲೋನಾದ ‘ಲಾ ಮಾಸಿಯಾ’ ಸೇರಿದನು. ನಮ್ಮ ಹಳೆಯ ಗುರುಕುಲದಂತೆ ಊಟ, ವಸತಿ, ಶಾಲೆ, ಆಟ ಎಲ್ಲವೂ ಒಂದೆಡೆ ದೊರೆಯುವ ತಾಣವದು.

೨೦೧೯ರ ಆಗಸ್ಟ್ ೨೫ರಂದು, ಇನ್ನೂ ಹದಿನಾರು ವರ್ಷದ ಈ ಹುಡುಗನು ರಿಯಲ್ ಬೆಟಿಸ್ ಸಂಘದ ವಿರುದ್ಧ ಮೊದಲ ಬಾರಿಗೆ ದೊಡ್ಡವರ ಮೈದಾನಕ್ಕಿಳಿದನು. ಆರು ದಿನಗಳ ಬಳಿಕ ಒಸಾಸುನಾ ವಿರುದ್ಧ ಮೊದಲ ಗೋಲು. ಲೀಗಿನಲ್ಲಿ ಬಾರ್ಸಿಲೋನಾದ ಪರವಾಗಿ ಅಷ್ಟು ಕಿರಿಯನು ಅದುವರೆಗೆ ಗೋಲು ಹೊಡೆದಿರಲಿಲ್ಲ. ಸೆಪ್ಟೆಂಬರಿನಲ್ಲಿ ಸ್ಪೇನ್ ಸರ್ಕಾರದ ಮಂತ್ರಿಮಂಡಲವು ಅವನಿಗೆ ಪೌರತ್ವವನ್ನು ದಯಪಾಲಿಸಿತು. ವಲಸೆ ಬಂದವರು ಕಾಗದಪತ್ರ ಹಿಡಿದು ವರ್ಷಗಟ್ಟಲೆ ಕಚೇರಿಗಳ ಮೆಟ್ಟಿಲು ಹತ್ತುವುದುಂಟು. ಇವನ ಪಾಲಿಗೆ ಎರಡು ಕಾಲುಗಳೇ ಅರ್ಜಿಯಾದವು. ಡಿಸೆಂಬರಿನಲ್ಲಿ ಇಂಟರ್ ಮಿಲಾನ್ ವಿರುದ್ಧ ಗೋಲು ಹೊಡೆದು ಚಾಂಪಿಯನ್ಸ್ ಲೀಗಿನ ಚರಿತ್ರೆಯಲ್ಲಿಯೇ ಅತಿ ಕಿರಿಯ ಗೋಲುಗಾರನೆನಿಸಿದನು. ಆಗ ವಯಸ್ಸು ಹದಿನೇಳು ವರ್ಷ, ನಲವತ್ತು ದಿನ. ಮರುವರ್ಷ ಸೆಪ್ಟೆಂಬರಿನಲ್ಲಿ ಸ್ಪೇನ್ ರಾಷ್ಟ್ರೀಯ ತಂಡದ ಪರವಾಗಿ ಯುಕ್ರೇನಿನ ಮೇಲೆ ಗೋಲು. ೧೯೨೫ರಿಂದ ಉಳಿದುಬಂದಿದ್ದ ದಾಖಲೆಯೊಂದು ಅಂದು ಮುರಿಯಿತು.

ಅದಾದ ಎರಡು ತಿಂಗಳಿಗೆ, ೨೦೨೦ರ ನವೆಂಬರ್ ೭ರಂದು, ಮತ್ತೆ ಅದೇ ಬೆಟಿಸ್ ಸಂಘದ ವಿರುದ್ಧ ಪಂದ್ಯ. ಹದಿನೆಂಟು ತುಂಬಿ ಒಂದು ವಾರವಾಗಿತ್ತಷ್ಟೆ. ಗೋಲಿನ ಮುಂದೆ ಎದುರಾಳಿಯ ಕಾಲು ತಾಗಿ ಬಿದ್ದನು. ಎಡಮೊಣಕಾಲಿನ ಮೆನಿಸ್ಕಸ್ ಹರಿದಿತ್ತು.

ತೊಡೆಯ ಮೂಳೆಗೂ ಅದರ ಕೆಳಗಿನ ಮೂಳೆಗೂ ನಡುವೆ ಅರ್ಧಚಂದ್ರಾಕಾರದ ಎರಡು ಮೆತ್ತೆಗಳಿವೆ. ಮೆನಿಸ್ಕಸ್ ಎಂದರೆ ಇವೇ. ಮೈಭಾರವನ್ನು ಹಂಚುವುದು, ಪೆಟ್ಟನ್ನು ತಾನು ನುಂಗಿಕೊಂಡು ಮೂಳೆಯನ್ನು ಕಾಯುವುದು ಇವುಗಳ ಕೆಲಸ. ಇವುಗಳ ಹೊರಅಂಚಿಗೆ ರಕ್ತ ಹರಿಯುತ್ತದೆ, ಒಳಭಾಗಕ್ಕೆ ಹರಿಯುವುದಿಲ್ಲವೆಂದರೂ ಸರಿ. ಆದುದರಿಂದ ಹರಿದರೆ ಕೂಡಿಕೊಳ್ಳುವುದು ಬಹು ನಿಧಾನ. ಹರಿದ ಚೂರನ್ನು ಕತ್ತರಿಸಿ ತೆಗೆದರೆ ಆಟಗಾರನು ಬೇಗ ಹಿಂದಿರುಗಬಲ್ಲನು, ಆದರೆ ಮುಂದೆ ಕೀಲು ಸವೆಯುವ ಭಯ. ಹೊಲಿದರೆ ಕೀಲು ಉಳಿಯಬಹುದು, ಆದರೆ ತಿಂಗಳುಗಟ್ಟಲೆ ಕಾಯಬೇಕು. ಓಡುತ್ತ ಗಕ್ಕನೆ ನಿಂತು ತಿರುಗುವಾಗ ಆ ತಿರುವಿನ ಭಾರವನ್ನು ಹೊರುವುದರಲ್ಲಿ ಈ ಮೆತ್ತೆಗೂ ಪಾಲುಂಟು. ಯಾವ ವಿದ್ಯೆಯಿಂದ ಹುಡುಗನು ಮೇಲೆ ಬಂದನೋ ಆ ವಿದ್ಯೆಗೆ ಆಧಾರವಾದ ಜಾಗದಲ್ಲಿಯೇ ಪೆಟ್ಟು ಬಿದ್ದಿತು.

ಒಂದಲ್ಲ, ಮೇಲಿಂದ ಮೇಲೆ ಹಲವು ಶಸ್ತ್ರಚಿಕಿತ್ಸೆಗಳಾದವು. ಹತ್ತು ತಿಂಗಳಿಗೂ ಮಿಗಿಲಾಗಿ ಮೈದಾನ ಕಾಣಲಿಲ್ಲ. ಈ ನಡುವೆ ೨೦೨೧ರ ಆಗಸ್ಟಿನಲ್ಲಿ ಮೆಸ್ಸಿಯು ಕಣ್ಣೀರಿಡುತ್ತ ಬಾರ್ಸಿಲೋನಾವನ್ನು ಬಿಟ್ಟನು. ಅವನು ತೊಡುತ್ತಿದ್ದ ಹತ್ತನೆಯ ಸಂಖ್ಯೆಯ ಅಂಗಿಯನ್ನು ಯಾರಿಗೆ ಕೊಡಬೇಕು? ಇನ್ನೂ ಆಟಕ್ಕೆ ಮರಳದಿದ್ದ ಹದಿನೆಂಟರ ಈ ಹುಡುಗನಿಗೇ ಕೊಟ್ಟರು. ಸೆಪ್ಟೆಂಬರ್ ೨೬ರಂದು ಲೆವಾಂತೆ ವಿರುದ್ಧ ಕೊನೆಯ ಹತ್ತು ನಿಮಿಷಗಳಿಗೆಂದು ಇಳಿದವನು ಗೋಲು ಹೊಡೆದೇಬಿಟ್ಟನು. ಆ ರಾತ್ರಿ ನನ್ನ ಮನೆಯಲ್ಲಿ ಎದ್ದ ಕೂಗಿಗೆ ಪಕ್ಕದ ಮನೆಯವರು ಕಳ್ಳನು ನುಗ್ಗಿದನೆಂದು ದೀಪ ಹಾಕಿದರು. ಮುಂದಿನ ತಿಂಗಳು ಒಪ್ಪಂದ ಹೊಸದಾಯಿತು. ಅವಧಿಗೆ ಮುಂಚೆ ಯಾರಾದರೂ ಅವನನ್ನು ಬಿಡಿಸಿಕೊಂಡು ಹೋಗಬೇಕಾದರೆ ತೆರಬೇಕಾದ ಹಣ ನೂರು ಕೋಟಿ ಯೂರೋ ಎಂದು ಬರೆದರು. ಹತ್ತೊಂಬತ್ತು ತುಂಬುವ ಮುನ್ನವೇ ಹುಡುಗನ ಬೆನ್ನಿನ ಮೇಲೆ ಒಂದು ಸಂಖ್ಯೆ, ತಲೆಯ ಮೇಲೆ ಇನ್ನೊಂದು ಸಂಖ್ಯೆ!

ಮುಂದಿನ ಕಥೆಯಲ್ಲಿ ಕೂಗು ಕಡಿಮೆ. ಆ ನವೆಂಬರಿನಲ್ಲಿ ತೊಡೆಯ ಸ್ನಾಯು ಕೈಕೊಟ್ಟಿತು. ೨೦೨೨ರ ಜನವರಿಯಲ್ಲಿ ಮತ್ತೊಮ್ಮೆ. ಅದೇ ವರ್ಷ ಕತಾರಿನ ವಿಶ್ವಕಪ್ಪಿಗೆ ಹೋದನು. ಆಡಿದ್ದು ಒಂದೇ ಪಂದ್ಯ, ಅದೂ ಬದಲಿಯಾಗಿ. ೨೦೨೩ರಲ್ಲಿ ಇಂಗ್ಲೆಂಡಿನ ಬ್ರೈಟನ್ ಸಂಘಕ್ಕೆ ಒಂದು ವರ್ಷದ ಮಟ್ಟಿಗೆ ಎರವಲು ಹೋದನು. ಹಿಂದಿರುಗಿದ ಮೇಲೆ ಬಹುಪಾಲು ಬೆಂಚಿನ ಮೇಲೆ ಕುಳಿತನು. ೨೦೨೫ರಲ್ಲಿ ಮೊನಾಕೋ ಸಂಘಕ್ಕೆ ಮತ್ತೆ ಎರವಲು. ಇತ್ತ ಅವನ ದಾಖಲೆಗಳು ಒಂದೊಂದಾಗಿ ಕೈಬಿಟ್ಟವು. ರಾಷ್ಟ್ರೀಯ ತಂಡದ ದಾಖಲೆಯನ್ನು ೨೦೨೨ರಲ್ಲಿ ಗಾವಿ ಮುರಿದನು; ಅದನ್ನು ೨೦೨೩ರಲ್ಲಿ ಲಾಮಿನ್ ಯಮಾಲ್ ಮುರಿದನು. ದಾಖಲೆಯೆಂಬುದು ಬಾಡಿಗೆಯ ಮನೆ. ಯಾರೂ ಅಲ್ಲಿ ಕಾಯಂ ವಾಸಿಗಳಲ್ಲ.

‘‘ಫಾತಿ ಮುಗಿದ, ಸಾರ್’’ ಎಂದು ಹುಡುಗರು ಒಂದು ದಿನ ತೀರ್ಪು ಕೊಟ್ಟರು. ನಾನು ಈ ತೀರ್ಪನ್ನು ಮನೆಗೆ ತಂದೆನು. ನನ್ನಾಕೆ ಹುರಳಿಕಾಯಿ ಸೋಸುತ್ತಿದ್ದಳು.

‘‘ಯಾರೂಂದ್ರೆ ಮುಗಿದದ್ದು? ಏನಾಗಿತ್ತು ಪಾಪ?’’ ಎಂದಳು.

ಸತ್ತಿಲ್ಲವೆಂದು ಸಮಾಧಾನ ಹೇಳಿ ಸಂಗತಿಯನ್ನೆಲ್ಲ ವಿವರಿಸಿದೆನು.

‘‘ಈಗೆಷ್ಟು ವಯಸ್ಸು?’’

‘‘ಇಪ್ಪತ್ತಮೂರು.’’

‘‘ಇಪ್ಪತ್ತಮೂರಕ್ಕೆ ನಿಮಗಿನ್ನೂ ಕೆಲಸವೇ ಸಿಕ್ಕಿರಲಿಲ್ಲ. ನಮ್ಮಪ್ಪ ಆಗ ನಿಮ್ಮನ್ನ ಮುಗಿದ ಅಂದಿದ್ದರೆ?’’ ಎಂದು ಅವಳು ನಾರು ತೆಗೆಯುವುದನ್ನು ಮುಂದುವರಿಸಿದಳು.

ಉತ್ತರ ಹೊಳೆಯಲಿಲ್ಲ. ಆದರೆ ಆ ಪ್ರಶ್ನೆ ನನ್ನೊಡನೆ ಕಾಲೇಜಿಗೂ ಬಂದಿತು. ಏಕೆಂದರೆ ಈ ತೀರ್ಪು ಮೈದಾನದಲ್ಲಿ ಮಾತ್ರ ಹೊರಡುವುದಲ್ಲ. ನನ್ನ ವಿದ್ಯಾರ್ಥಿಯೊಬ್ಬನು ಎಸ್.ಎಸ್.ಎಲ್.ಸಿ.ಯಲ್ಲಿ ತಾಲ್ಲೂಕಿಗೇ ಮೊದಲಿಗನಾಗಿದ್ದವನು. ಊರಿನ ಬಸ್‌ಸ್ಟ್ಯಾಂಡಿನಲ್ಲಿ ಅವನ ಚಿತ್ರದ ಫ್ಲೆಕ್ಸ್ ಕಟ್ಟಿದ್ದರಂತೆ. ಎಲ್ಲರ ಮಾತಿನಂತೆ ಪಿ.ಯು.ಸಿ.ಯಲ್ಲಿ ವಿಜ್ಞಾನ ತೆಗೆದುಕೊಂಡನು. ಮನಸ್ಸು ಹತ್ತಲಿಲ್ಲ, ಅಂಕಗಳೂ ಬರಲಿಲ್ಲ. ಬಿ.ಎ. ಸೇರಿದನು. ಒಂದು ಮಧ್ಯಾಹ್ನ ಟಿ.ಸಿ. ಬೇಕೆಂದು ಅರ್ಜಿ ಹಿಡಿದು ನನ್ನ ಮುಂದೆ ನಿಂತನು. ಎರಡು ವರ್ಷದಿಂದ ಊರಿನ ಜಾತ್ರೆಗೂ ಹೋಗಿರಲಿಲ್ಲವಂತೆ.

‘‘ಫ್ಲೆಕ್ಸ್ ಮಳೆಗೆ ಹರಿದು ಹೋಯಿತು, ಸಾರ್. ಜನ ಮಾತ್ರ ಮರೆತಿಲ್ಲ’’ ಎಂದನು.

ಅವನಿಗೆ ಹತ್ತೊಂಬತ್ತು ವರ್ಷ. ಮಗುವಿನ ಮೊದಲ ಗೆಲುವನ್ನು ನಾವು ಹಬ್ಬದಂತೆ ಆಚರಿಸುತ್ತೇವೆ. ಅದು ಸಹಜ, ಅದು ಚೆಂದ. ಆದರೆ ಹಬ್ಬ ಮುಗಿದ ಮರುದಿನವೇ ಆ ಗೆಲುವನ್ನು ಅವನು ನಮಗೆ ಬರೆದುಕೊಟ್ಟ ಸಾಲಪತ್ರವೆಂಬಂತೆ ಜೋಪಾನವಾಗಿ ಎತ್ತಿಡುತ್ತೇವೆ. ಮನೆಗೆ ಬಂದ ನೆಂಟರು ಕಾಫಿ ಲೋಟ ಕೆಳಗಿಡುವ ಮೊದಲೇ ಬಡ್ಡಿ ಕೇಳುತ್ತಾರೆ: ‘‘ಈ ಸಲ ಎಷ್ಟು ಪರ್ಸೆಂಟು?’’ ನೂರು ಕೋಟಿ ಯೂರೋ ಎಂದು ಬರೆದ ಸಂಘಕ್ಕೂ ನಮ್ಮ ನೆಂಟರಿಗೂ ಮೊತ್ತದಲ್ಲಿ ಮಾತ್ರ ವ್ಯತ್ಯಾಸ. ಹರಿದ ಮೆತ್ತೆ ಕೂಡಿಕೊಳ್ಳಲು ಹಿಡಿಯುವಷ್ಟು ಹೊತ್ತನ್ನೂ ನಾವು ಮಕ್ಕಳಿಗೆ ಕೊಡಲಾರೆವು.

ಆ ಹುಡುಗನಿಗೆ ನಾನು ಉಪದೇಶವನ್ನೇನೂ ಮಾಡಲಿಲ್ಲ. ಯಾವ ಪಾಠ ಹಿಡಿಸಿತೆಂದು ಕೇಳಿದೆನು. ಶಾಸನಗಳ ಪಾಠ ಎಂದನು. ತನ್ನೂರಿನ ಕೆರೆ ಏರಿಯ ಮೇಲೆ ಒಂದು ವೀರಗಲ್ಲಿದೆ, ಅದರ ಅಕ್ಷರ ಓದಲಾಗುವುದಿಲ್ಲ ಎಂದನು. ಆ ಸಲದ ಜಾತ್ರೆಗೆ ಹೋಗಿ ಕಲ್ಲಿನ ಫೋಟೋ ತೆಗೆದು ತಂದನು. ಇಬ್ಬರೂ ಕುಳಿತು ನಾಲ್ಕು ಸಾಲು ಓದಿದೆವು. ಅವನೀಗ ಕೊನೆಯ ವರ್ಷದಲ್ಲಿದ್ದಾನೆ, ಮೊದಲಿಗನೇನಲ್ಲ. ಟಿ.ಸಿ. ಅರ್ಜಿ ನನ್ನ ಮೇಜಿನ ಖಾನೆಯಲ್ಲಿಯೇ ಇದೆ. ಅವನೂ ಕೇಳಿಲ್ಲ, ನಾನೂ ನೆನಪಿಸಿಲ್ಲ.

ಫಾತಿಯ ವಿಷಯಕ್ಕೆ ಬಂದರೆ, ೨೦೨೫ರ ಸೆಪ್ಟೆಂಬರಿನಲ್ಲಿ ಮೊನಾಕೋ ಪರವಾಗಿ ಬದಲಿ ಆಟಗಾರನಾಗಿ ಇಳಿದು ಮತ್ತೆ ಗೋಲು ಹೊಡೆದನು. ಅವನು ಹದಿನೇಳರಲ್ಲಿ ಏನಾಗಿದ್ದನೋ ಮತ್ತೆ ಅದೇ ಆಗಬೇಕೆಂಬ ಬಯಕೆ ನನಗಿಲ್ಲ. ನೋವಿಲ್ಲದೆ ತೊಂಬತ್ತು ನಿಮಿಷ ಓಡಲಿ, ಸಾಕು. ಹತ್ತನೆಯ ಸಂಖ್ಯೆಯ ಅಂಗಿ ೨೦೨೫ರ ಜುಲೈಯಲ್ಲಿ, ಹದಿನೆಂಟು ತುಂಬಿದ ವಾರದಲ್ಲಿಯೇ, ಯಮಾಲನ ಬೆನ್ನೇರಿತು. ಅವನೂ ವಿಂಗರನೇ, ಅದೇ ಗುರುಕುಲದವನೇ. ಅವನ ದಾಖಲೆಗಳನ್ನು ನಮ್ಮ ಹುಡುಗರು ಅಂಕಿಸಂಖ್ಯೆ ಸಮೇತ ಒಪ್ಪಿಸುತ್ತಾರೆ. ನಾನು ಕೇಳಿ ಸಂತೋಷಪಡುತ್ತೇನೆ. ಎಲ್ಲ ಹೇಳಿ ಮುಗಿಸಿದ ಮೇಲೆ, ‘‘ಅದು ಸರಿ, ಹುಡುಗನ ಮೊಣಕಾಲು ಹೇಗಿದೆಯಪ್ಪಾ?’’ ಎಂದು ಕೇಳುವುದನ್ನು ಮಾತ್ರ ಮರೆಯುವುದಿಲ್ಲ.