ಕಡಲೆಯ ನಾಡಿನಿಂದ ಕಡಲಿಗೆ

ನವಲಗುಂದದ ಎರೆಭೂಮಿಗೂ ಸಮುದ್ರಕ್ಕೂ ಏನೂ ಸಂಬಂಧವಿಲ್ಲವೆಂದು ತಿಳಿದವರುಂಟು. ಸಂಬಂಧವೇನೋ ಹಳೆಯದೇ, ಆದರೆ ಅದು ನಮ್ಮದಲ್ಲ, ನಮ್ಮ ಹತ್ತಿಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಅರಳೆ ಎತ್ತಿನ ಬಂಡಿಗಳಲ್ಲಿ ಘಟ್ಟವಿಳಿದು ಕುಮಟೆಯ ಬಂದರವನ್ನು ಸೇರುತ್ತಿತ್ತು. ಅಲ್ಲಿಂದ ಹಡಗೇರಿ ಮುಂಬಯಿಗೆ, ಮುಂದೆ ವಿಲಾಯತಿಗೆ. ಬೆಳೆದ ನೆಲದ ಹೆಸರು ಮರೆಯಾಗಿ ಪೇಟೆಯಲ್ಲಿ ಅದು ‘ಕುಂಪ್ಟಾ ಹತ್ತಿ’ ಎಂದೇ ಹೆಸರಾಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಇಲಾಖೆಗೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಗೆ ಕಾರವಾರದಲ್ಲೊಂದು ಒಳ್ಳೆಯ ಬಂದರವಾಗಲೆಂಬ ವರ್ತಕರ ಒತ್ತಾಯವಿತ್ತು. ಹೀಗೆ ಹತ್ತಿ ಸಮುದ್ರ ದಾಟಿತು; ಅದನ್ನು ಬಿಡಿಸಿದ ಕೈಗಳು ಇಲ್ಲಿಯೇ ಉಳಿದವು. ನಮ್ಮ ಅವ್ವನ ಕೈಗಳೂ ಅಂಥವೇ.

ಅವ್ವ ಸಮುದ್ರವನ್ನು ಕಂಡಿಲ್ಲ. ಪುಣೆಯಲ್ಲಿ ನೌಕರಿಯಲ್ಲಿರುವ ಅಣ್ಣ ಈ ಸಲ ದೀಪಾವಳಿಗೆ ಬಂದಾಗ, ಎಲ್ಲರೂ ಕೂಡಿ ಆಗಬೋಟಿನಲ್ಲಿ ನಾಲ್ಕು ದಿನ ತಿರುಗಿ ಬರೋಣವೆಂದು ಸಾರಿದ. ಯಾವ ಹಡಗೆಂದು ವಿಚಾರಿಸುವ ಕೆಲಸ, ಕಾಲೇಜು ಕಲಿಯುವವನೆಂಬ ಕಾರಣಕ್ಕೆ, ನನ್ನ ಕೊರಳಿಗೆ ಬಿತ್ತು.

ಹಡಗು ಆರಿಸುವುದು ಎತ್ತು ಕೊಳ್ಳುವುದಕ್ಕಿಂತ ಕಠಿಣ. ಸಂತೆಯಲ್ಲಿ ಎತ್ತಿನ ಹಲ್ಲು ನೋಡಬಹುದು, ನಾಲ್ಕು ಹೆಜ್ಜೆ ನಡೆಸಬಹುದು. ಹಡಗಿನವರು ತೋರಿಸುವುದು ಬರಿಯ ಚಿತ್ರ. ಚಿತ್ರದಲ್ಲಿ ಎಲ್ಲ ಎತ್ತೂ ಕಿಲಾರಿಯೇ! ಮುಂಬಯಿಯಿಂದ ಹೊರಡುವ ಕೊರ್ಡೀಲಿಯಾ ಸಂಸ್ಥೆಯ ‘ಎಂಪ್ರೆಸ್’ ಹಡಗಿನ ಹಲ್ಲನ್ನಾದರೂ ಎಣಿಸೋಣವೆಂದು ಹುಡುಕಿದೆ. 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ್ದು. ಬೇರೆ ಹೆಸರುಗಳಿಂದ ಬೇರೆ ಕಡಲುಗಳನ್ನು ತಿರುಗಿ 2021ರಲ್ಲಿ ನಮ್ಮ ಕಡೆಗೆ ಬಂದದ್ದು. ಹನ್ನೊಂದು ಅಂತಸ್ತು, ಸುಮಾರು ಎಂಟು ನೂರು ಕೋಣೆ. ಅಪ್ಪ ಇದನ್ನು ಕೇಳಿ, “ಬಾಯಿಗೂಡಿದ ಎತ್ತು ಅನ್ನು. ಇರಲಿ, ಅಂಥಾದ್ದಕ್ಕ ದಾರಿ ಗೊತ್ತಿರತೈತಿ” ಎಂದ.

ಇನ್ನೊಂದು ದಾರಿ ಕೊಚ್ಚಿಯಿಂದ. ಲಕ್ಷದ್ವೀಪದ ಆಡಳಿತದವರು ‘ಸಮುದ್ರಂ’ ಎಂಬ ಹೆಸರಿನ ಐದು ದಿನದ ಪಯಣವನ್ನು ನಡೆಸುತ್ತಾರೆ. ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳನ್ನು ಹಗಲು ನೋಡಿ ರಾತ್ರಿ ಹಡಗಿನಲ್ಲಿಯೇ ಮಲಗುವುದು. ದ್ವೀಪಕ್ಕೆ ಕಾಲಿಡಲು ಪರವಾನಿಗೆ ಬೇಕು. ಬೆಡಗು ಕಡಿಮೆ, ಸಮುದ್ರ ಹೆಚ್ಚು. ನನ್ನ ಮನಸ್ಸು ಅದರ ಕಡೆಗೇ ವಾಲಿತ್ತು. ಆದರೆ ಅಲ್ಲಿ ದೊಡ್ಡ ಹಡಗು ದೂರದಲ್ಲಿ ನಿಂತು, ಜನ ತೆರೆಯ ಮೇಲೆ ಕುಣಿಯುವ ಸಣ್ಣ ದೋಣಿಗೆ ಇಳಿಯಬೇಕಾಗುತ್ತದೆ. ಅವ್ವನ ಮೊಣಕಾಲು ನಮ್ಮ ಮನೆಯ ಪಾವಟಿಗೆಗೇ ಒಗ್ಗುವುದಿಲ್ಲ. ಆ ಹಡಗು ಅಲ್ಲಿಗೇ ಬಿಟ್ಟಿತು.

ಮುಂಬಯಿಯ ಪಯಣಗಳಲ್ಲೂ ಬಗೆಬಗೆ. ಎರಡು ರಾತ್ರಿ ನೀರಿನಲ್ಲಿ ಸುತ್ತಿ ಅದೇ ಬಂದರಕ್ಕೆ ಮರಳುವುದೊಂದು. “ಎಲ್ಲೀಗೂ ಹೋಗದಽ ಹೊಳ್ಳಿ ಬರಾಕ ರೊಕ್ಕಾ ಕೊಡಬೇಕನು?” ಎಂದು ಅಪ್ಪ ಕೇಳಿದ ಮೇಲೆ ನನಗೆ ಉತ್ತರ ಹೊಳೆಯಲಿಲ್ಲ. ಗೋವೆಗೆ ಬರುವುದು ಇನ್ನೊಂದು. ನವಲಗುಂದದವರು ಮುಂಬಯಿಗೆ ಹೋಗಿ ಹಡಗು ಹತ್ತಿ ಗೋವೆಗೆ ಬರುವುದೆಂದರೆ ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಗಾದೆಯನ್ನು ಅಕ್ಷರಶಃ ನಿಜ ಮಾಡಿದಂತೆ! ಆದರೂ ದಂಡೆ ಕಾಣದಷ್ಟು ನೀರನ್ನು ಕಾಣಬೇಕೆಂಬವಳಿಗೆ ಆ ಸುತ್ತೇ ಮುಖ್ಯವಲ್ಲವೆ?

ಅಣ್ಣನ ಯೋಜನೆಯಲ್ಲಿ ನಾವು ಆರು ಜನ: ಅಪ್ಪ, ಅವ್ವ, ಅಣ್ಣ, ವೈನಿ, ಅವರ ಕೂಸು, ನಾನು. ಕೂಸಿಗೆ ಆಟದ ಜಾಗ, ವೈನಿಗೆ ನಾಟಕ-ಸಂಗೀತ, ಅಣ್ಣನಿಗೆ ಈಜುವ ಕೊಳ ಎಂದು ಪಟ್ಟಿ ಬೆಳೆಯುತ್ತಲೇ ಇತ್ತು. ಒಂದು ಸಂಜೆ ರೊಟ್ಟಿ ಬಡಿಯುತ್ತಿದ್ದ ಅವ್ವ, ತಲೆಯೆತ್ತದೆ, “ತಮ್ಮಾ, ನಾವಿಬ್ಬರಽ ಹೋಗಿ ಬಂದರ ನಿಮ್ಮಣ್ಣ ಸಿಟ್ಟಾಕ್ಕಾನೇನೋ?” ಎಂದಳು.

ನಾನು ಲೆಕ್ಕ ಹಾಕಿದೆ. ಮೂವತ್ತೆರಡು ವರ್ಷದ ಸಂಸಾರದಲ್ಲಿ ಅವರಿಬ್ಬರೇ ಎಲ್ಲಿಗೂ ಹೋದದ್ದಿಲ್ಲ. ಯಲ್ಲಮ್ಮನ ಗುಡ್ಡಕ್ಕೆ ಹೋದರೆ ಮನೆಮಂದಿಯೆಲ್ಲ. ಹುಬ್ಬಳ್ಳಿಯ ದವಾಖಾನೆಗೆ ಹೋದರೆ ಜೊತೆಗೆ ನಾನು. ಹೊಲದಲ್ಲಿ ಇಬ್ಬರೇ ಇದ್ದರೂ ನಡುವೆ ಕೆಲಸವೆಂಬ ಮೂರನೆಯವನು ಇದ್ದೇ ಇರುತ್ತಾನೆ. ಅಂದಿನಿಂದ ನನ್ನ ಹುಡುಕಾಟದ ರೀತಿಯೇ ಬೇರೆಯಾಯಿತು. ಕುಟುಂಬಕ್ಕೆ ಒಪ್ಪುವ ಹಡಗು ಬೇರೆ, ಗಂಡ-ಹೆಂಡಿರಿಗೆ ಒಪ್ಪುವುದು ಬೇರೆ. ಒಂದೇ ಹಡಗಾದರೂ ದಿನ ಬೇರೆ, ಕೋಣೆ ಬೇರೆ. ಶನಿವಾರ ಭಾನುವಾರಗಳಲ್ಲಿ, ಶಾಲೆಯ ರಜೆಯಲ್ಲಿ ಗದ್ದಲ ಹೆಚ್ಚು, ದರವೂ ಹೆಚ್ಚು. ವಾರದ ನಡುವಿನ ಪಯಣ ಶಾಂತ. ಒಳಗಿನ ಕೋಣೆ ಅಗ್ಗ, ಆದರೆ ಕಿಟಕಿಯಿಲ್ಲ. ಸಮುದ್ರ ಕಾಣಲು ಹೋದವಳನ್ನು ಉಗ್ರಾಣದಲ್ಲಿ ಮಲಗಿಸಿದಂತೆ. ಕಿಟಕಿಯುಳ್ಳದ್ದು, ಕೆಳಗಿನ ಅಂತಸ್ತಿನದು, ಉದ್ದದಲ್ಲಿ ನಡುವಿನದು ಎಂದು ಗೊತ್ತುಮಾಡಿದೆ. ಹಡಗಿನ ಓಲಾಟ ಅಲ್ಲಿ ಎಲ್ಲಕ್ಕಿಂತ ಕಡಿಮೆ. ಸಾರುವ ದರ ಇಬ್ಬರು ಒಂದು ಕೋಣೆ ಹಂಚಿಕೊಂಡರೆ ತಲೆಗೆ ಇಷ್ಟು ಎಂದು. ಅದರ ಮೇಲೆ ಬಂದರದ ಪಟ್ಟಿ, ತೆರಿಗೆ, ದಂಡೆಗಿಳಿದು ತಿರುಗುವ ಖರ್ಚು. ಕೂಡಿಸಿದಾಗ ಎರಡು ಎಕರೆ ಹೆಸರಿನ ರೊಕ್ಕ ಹೋಯಿತು. ಅಪ್ಪ ಗೊಣಗದೆ ಕೊಡುತ್ತೇನೆಂದ, ಅಣ್ಣ ಕೊಡಗೊಡಲಿಲ್ಲ. ಅವನು ಸಿಟ್ಟಾಗಲೂ ಇಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನನಗಽ ಹೊಳೀಬೇಕಾಗಿತ್ತು” ಎಂದ.

ತಿಥಿ ನಿಶ್ಚಯವೂ ಸುಲಭದ್ದಲ್ಲ. ಮಳೆಗಾಲದಲ್ಲಿ ಪಡುಗಡಲು ಕೆರಳಿರುತ್ತದೆ. 2023ರ ಜೂನಿನಲ್ಲಿ ಇದೇ ಹಡಗು ಚೆನ್ನೈಯಿಂದ ಸಿಂಹಳಕ್ಕೆ ಹೋಗಿಬಂದದ್ದುಂಟು. ನಮಗಾದರೋ ಕಡಲೆ ಕಿತ್ತಾದ ಮೇಲೆ ಕಡಲು! ರಾಮಲಿಂಗ ಕಾಮಣ್ಣ ಕೂಡುವಷ್ಟರಲ್ಲಿ ಮರಳಿ ಊರಲ್ಲಿರಬೇಕೆಂಬುದು ಅಪ್ಪನ ಕರಾರು. ಆ ನಡುವಿನ ಒಂದು ವಾರದಲ್ಲಿ ಟಿಕೀಟು ಆಗಿದೆ. ದೇಶದೊಳಗಿನ ಪಯಣವಾದ್ದರಿಂದ ಪಾಸಪೋರ್ಟಿನ ಗೊಡವೆಯಿಲ್ಲ.

ಹೊರಗಿನ ತಿನಿಸನ್ನು ಹಡಗಿನೊಳಗೆ ಬಿಡುವುದಿಲ್ಲವೆಂದು ಹೇಳಿದ್ದೇನೆ. ಹಾಗಾದರೆ ರೈಲಿನಲ್ಲಿಯೇ ತಿಂದು ಮುಗಿಸುತ್ತೇವೆಂದು ಅವ್ವ ಕಟಿ ರೊಟ್ಟಿ, ಶೇಂಗಾ ಚಟ್ನಿಗೆ ತೊಡಗಿದ್ದಾಳೆ. ಹಾಸಿಗೆಯೂ ಅಲ್ಲಿಯೇ ಉಂಟೆಂದರೆ ಕೇಳದೆ, ಊರಿನ ಹೆಣ್ಣುಮಕ್ಕಳು ನೇಯ್ದ ಸಣ್ಣದೊಂದು ಜಮಖಾನೆಯನ್ನು ಮಡಿಚಿ ಚೀಲದಲ್ಲಿಟ್ಟಿದ್ದಾಳೆ. ಹಡಗಿನ ಮೇಲ್ಮಾಳಿಗೆಯಲ್ಲಿ ಹಾಸಿ ಇಬ್ಬರೂ ಕೂಡಲಿಕ್ಕಂತೆ.